ಸತ್ಯಾಂಶ: ಜೈಲ್‌ಬ್ರೇಕ್ ಮಾಡಿದರೆ ಹಳೆಯ ಐಫೋನ್ ಹೊಸದಾಗುವುದೇ?

‘ಜೈಲ್‌ಬ್ರೇಕ್ ಮಾಡಿಸಿದರೆ ಹಳೆಯ ಐಫೋನ್ ಹೊಸದರಂತೆ ಓಡುತ್ತದೆ, ಅಪಾಯವೇನೂ ಇಲ್ಲ’ ಎಂಬ ವಾಟ್ಸ್‌ಆ್ಯಪ್ ಸಂದೇಶ ಆಗಾಗ ಹರಿದಾಡುತ್ತದೆ. ಎರಡೂ ಮಾತು ಸರಿಯಲ್ಲ. ಜೈಲ್‌ಬ್ರೇಕ್ ಎಂದರೆ ತಯಾರಕರು ತಂತ್ರಾಂಶಕ್ಕೆ ಹಾಕಿದ ಬೀಗವನ್ನು ತೆಗೆಯುವುದಷ್ಟೇ. ಅದರಿಂದ ಪ್ರೊಸೆಸರ್ ಚುರುಕಾಗುವುದಿಲ್ಲ, ಸವೆದ ಬ್ಯಾಟರಿಯೂ ಚೇತರಿಸಿಕೊಳ್ಳುವುದಿಲ್ಲ. ಆ್ಯಪ್ ಸ್ಟೋರ್‌ನಲ್ಲಿ ಸಿಗದ ಆ್ಯಪ್‌ಗಳನ್ನು ಹಾಕಿಕೊಳ್ಳುವ, ಪರದೆಯ ರೂಪವನ್ನು ಬೇಕಾದಂತೆ ಬದಲಿಸುವ ಸ್ವಾತಂತ್ರ್ಯವೇ ಇದರ ನಿಜವಾದ ಲಾಭ, ಕುತೂಹಲಿಗಳಿಗೆ ಅದು ಸಣ್ಣದೇನಲ್ಲ. ಆದರೆ ಕಳ್ಳರನ್ನು ಹೊರಗಿಟ್ಟಿದ್ದೂ ಅದೇ ಬೀಗ: 2015ರಲ್ಲಿ ಬೆಳಕಿಗೆ ಬಂದ ಕೀರೈಡರ್ ಎಂಬ ಕುತಂತ್ರಾಂಶ, ಜೈಲ್‌ಬ್ರೇಕ್ ಆದ ಫೋನ್‌ಗಳಿಂದಲೇ 2,25,000ಕ್ಕೂ ಹೆಚ್ಚು ಆ್ಯಪಲ್ ಖಾತೆಗಳ ವಿವರ ಕದ್ದಿತ್ತು. ಹಲವು ಬ್ಯಾಂಕ್ ಆ್ಯಪ್‌ಗಳು ಇಂಥ ಫೋನನ್ನು ಗುರುತಿಸಿ ಕೆಲಸ ನಿಲ್ಲಿಸುವುದರಿಂದ, ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆಯಾದ ಎಸ್.ಪಿ. ರಸ್ತೆಯಲ್ಲಿ ಜೈಲ್‌ಬ್ರೇಕ್ ಮಾಡಿಸಿಕೊಂಡು ಹೊರಬಂದವರು ಎದುರಿನ ಎಳನೀರಿಗೆ ಚಿಲ್ಲರೆ ಹುಡುಕಬೇಕಾದೀತು.