ವಿಝರ್ಡ್ ಮಂತ್ರವಾದಿ ಅಲ್ಲ: ಒಂದು ಸ್ಪಷ್ಟನೆ

ಮಡಿಕೇರಿ, ವಿರಾಜಪೇಟೆ ಕಡೆಯ ಕಾಮಿಕ್ಸ್ ಗೆಳೆಯರ ಮೊಬೈಲ್‌ಗಳಲ್ಲಿ ಈ ಮಳೆಗಾಲ ಒಂದು ಸಂದೇಶ ಓಡಾಡುತ್ತಿದೆ. 'ಫ್ರೈಟ್‌ಫುಲ್ ಫೋರ್ ತಂಡದ ನಾಯಕ ವಿಝರ್ಡ್ ಒಬ್ಬ ಮಂತ್ರವಾದಿ, ಡಾಕ್ಟರ್ ಡೂಮ್‌ನ ಶಿಷ್ಯ' ಎಂದು ಅದರಲ್ಲಿದೆ. ಫ್ರೈಟ್‌ಫುಲ್ ಫೋರ್ ಅಂದರೆ ಮಾರ್ವೆಲ್ ಕಾಮಿಕ್ಸ್‌ನ ನಾಲ್ವರು ಖಳರ ತಂಡ, ಡೂಮ್ ಅಲ್ಲಿನ ಇನ್ನೊಬ್ಬ ಖಳ. ಸಂದೇಶದ ಎರಡೂ ಮಾತು ತಪ್ಪು.

ಹೆಸರು ಕೇಳಿದರೆ ಹಾಗೆ ಅನಿಸುವುದು ಸಹಜ, ಅಲ್ವಾ? ಆದರೆ ಮಾರ್ವೆಲ್‌ನ ಈ ಪಾತ್ರ ವಿಜ್ಞಾನಿ. ಗುರುತ್ವವನ್ನೇ ಸೋಲಿಸುವ ಬಿಲ್ಲೆಗಳನ್ನು ತಾನೇ ತಯಾರಿಸಿದವನು. ಅದನ್ನು ಅಂಟಿಸಿದರೆ ಎದುರಾಳಿ ತೇಲಿಹೋಗುತ್ತಾನೆ. 1962ರಲ್ಲಿ ಫೆಂಟಾಸ್ಟಿಕ್ ಫೋರ್ ಎಂಬ ವೀರರ ತಂಡದ ಹ್ಯೂಮನ್ ಟಾರ್ಚ್‌ನ ವೈರಿಯಾಗಿ ಬಂದ. ಡೂಮ್‌ನ ಶಿಷ್ಯನಾಗಿ ಅಲ್ಲ.

ನನಗೆ ಅವನು ಇಷ್ಟವಾಗುವುದು 1965ರ ಕಥೆಯಿಂದ. ಫೆಂಟಾಸ್ಟಿಕ್ ಫೋರ್ ಎದುರು ನಿಲ್ಲಲು ಅವನು ಮೂವರನ್ನು ಒಟ್ಟುಗೂಡಿಸುತ್ತಾನೆ. ಮರಳಿನ ಮೈಯ ಸ್ಯಾಂಡ್‌ಮ್ಯಾನ್, ಗೋಂದು ಎರಚುವ ಟ್ರ್ಯಾಪ್‌ಸ್ಟರ್, ಕೂದಲನ್ನೇ ಕೈಯಾಗಿಸಿಕೊಂಡ ಮೆಡೂಸಾ. ನಾಲ್ವರ ಎದುರು ನಾಲ್ವರು! ಆದರೆ ಫೆಂಟಾಸ್ಟಿಕ್ ಫೋರ್ ಒಂದು ಮನೆ. ಕೊಡವರ ಐನ್‌ಮನೆಯ (ಪೂರ್ವಜರ ಮನೆ) ಒಕ್ಕದಂತೆ, ಅಂದರೆ ಕುಲದವರಂತೆ, ಜಗಳವಾಡಿದರೂ ಕೊನೆಗೆ ಒಂದೇ ಕಡೆ ನಿಲ್ಲುತ್ತಾರೆ. ವಿಝರ್ಡ್‌ಗೆ ಬುದ್ಧಿ ಜಾಸ್ತಿ, ಅಹಂಕಾರ ಇನ್ನೂ ಜಾಸ್ತಿ. ಹಾಗಾಗಿ ಅವನ ತಂಡದ ನಾಲ್ಕನೆಯ ಜಾಗ ಪದೇ ಪದೇ ಖಾಲಿಯಾಗುತ್ತದೆ. ಮೆಡೂಸಾ ಹೋದ ಮೇಲೆ ಥಂಡ್ರಾ ಬಂದಳು, ಅವಳೂ ಉಳಿಯಲಿಲ್ಲ. ಎಷ್ಟು ಸಲ ಒಡೆದರೂ ಅವನು ಮತ್ತೆ ತಂಡ ಕಟ್ಟುತ್ತಾನೆ. ಆ ಹಟ ನನ್ನನ್ನು ಹಿಡಿದಿಡುತ್ತದೆ.

ಮಂತ್ರವಾದಿ ಅಂದುಬಿಟ್ಟರೆ ಇದೆಲ್ಲ ಕಳೆದುಹೋಗುತ್ತದೆ. ಆ ಸಂದೇಶ ನಿಮಗೂ ಬಂದಿದ್ದರೆ ದಯವಿಟ್ಟು ಸುಮ್ನೆ ಮುಂದಕ್ಕೆ ಕಳಿಸಬೇಡಿ.