ಒಳಗೆ ಹೋಗಬೇ... ಕೇಳಿಸ್ತಾ ಸಾರ್?

ಫೋಟೊ ನೀವೂ ನೋಡಿರುತ್ತೀರಿ. ಪ್ರತಿ ಏಪ್ರಿಲ್‌ನ ಅಗ್ನಿಶಾಮಕ ಸಪ್ತಾಹದಲ್ಲೂ ಅದೇ ಫೋಟೊ, ಮುಖ ಮಾತ್ರ ಬೇರೆ. ಹಿಂದೆ ತೊಳೆದು ನಿಲ್ಲಿಸಿದ ಕೆಂಪು ಗಾಡಿ, ಒಂದು ಕಡೆ ಶಾಮಿಯಾನ, ಇನ್ನೊಂದು ಕಡೆ ಹಳೇ ಟೈರಿಗೆ ಡೀಸೆಲ್ ಸುರಿದು ಹಚ್ಚಿದ ಬಹಳ ಶಿಸ್ತಿನ ಬೆಂಕಿ. ನಡುವೆ ಒಬ್ಬ ಅಧಿಕಾರಿ. ಅವರು ವಾಕಿಟಾಕಿಯ ಆಂಟೆನಾವನ್ನು ಮುಷ್ಟಿಯಲ್ಲಿ ಹಿಡಿದು, ಸೆಟ್ಟನ್ನು ಮೊಬೈಲಿನ ಹಾಗೆ ಕಿವಿಗೆ ಒತ್ತಿಕೊಂಡಿದ್ದಾರೆ. ಕೆಳಗೆ ಒಂದು ಸಾಲು: ‘ಅಣಕು ಕಾರ್ಯಾಚರಣೆ ಯಶಸ್ವಿ.’

ಮಾಕ್ ಡ್ರಿಲ್‌ಗೆ ‘ಅಣಕು’ ಎಂಬ ಮಾತು ಹುಡುಕಿಕೊಟ್ಟ ಪುಣ್ಯಾತ್ಮರು ಯಾರೋ ಏನೋ, ಅವರಿಗೆ ರಾಜ್ಯೋತ್ಸವ ಪ್ರಶಸ್ತಿ ಕೊಡಬೇಕಿತ್ತು. ಇಷ್ಟು ಪ್ರಾಮಾಣಿಕವಾದ ಸರ್ಕಾರಿ ಪದ ಕನ್ನಡದಲ್ಲಿ ಇನ್ನೊಂದಿಲ್ಲ.

ವಾಕಿಟಾಕಿ ಕಿವಿಗೆ ಹಿಡಿಯುವ ಸಾಮಾನಲ್ಲ. ಬಾಯಿಂದ ಮೂರು ಬೆರಳು ದೂರ, ಉಸಿರು ನೇರವಾಗಿ ಮೈಕಿಗೆ ಬಡಿಯದಂತೆ ಕೊಂಚ ಓರೆ, ಆಂಟೆನಾ ನೆಟ್ಟಗೆ ಮೇಲಕ್ಕೆ. ಆಂಟೆನಾವನ್ನೇ ಹಿಡಿದುಕೊಂಡರೆ ಇರುವ 5 ವಾಟ್‌ನಲ್ಲಿ ಒಳ್ಳೇ ಪಾಲು ಅಂಗೈಗೇ ನೈವೇದ್ಯ. ಗುಂಡಿ ಒತ್ತಿ ಒಂದು ಸೆಕೆಂಡ್ ಸುಮ್ಮನಿರಬೇಕು. ಸೆಟ್ಟು ಕೇಳುವುದನ್ನು ಬಿಟ್ಟು ಹೇಳುವುದಕ್ಕೆ ಹೊರಳಬೇಕು, ಎಲ್ಲೋ ಎತ್ತರದಲ್ಲಿ ಕೂತು, ಬಂದ ಅಲೆಗೆ ಬಲ ತುಂಬಿ ಮುಂದೆ ದಾಟಿಸುವ ರಿಪೀಟರ್ ಎಚ್ಚರಾಗಬೇಕು, ಅತ್ತಲಿನವನ ಸ್ಪೀಕರ್ ತೆರೆದುಕೊಳ್ಳಬೇಕು. ಆಮೇಲೆ ಮಾತು. ಮಾತು ಮುಗಿದ ಮೇಲೂ ಅರೆಕ್ಷಣ ತಡೆದೇ ಗುಂಡಿ ಬಿಡಬೇಕು.

ಈ ಕೊನೆಯ ಅರೆಕ್ಷಣ ಇದೆಯಲ್ಲ, ಅದು ಕನ್ನಡಿಗರಿಗೆ ಪ್ರಾಣದ ಪ್ರಶ್ನೆ. ಇಂಗ್ಲಿಷಿನ ಕೈಪಿಡಿಗಳು ಮೊದಲ ಸೆಕೆಂಡಿನ ಬಗ್ಗೆಯೇ ಬಡಿದುಕೊಳ್ಳುತ್ತವೆ, ಏಕೆಂದರೆ ಅವರ ‘ಡೋಂಟ್’ ಮೊದಲೇ ಬರುತ್ತದೆ. ಗುಂಡಿ ತಡವಾಗಿ ಒತ್ತಿದರೆ ಡೋಂಟ್ ಹಾರಿಹೋಗಿ ‘ಗೋ ಇನ್’ ಉಳಿಯುತ್ತದೆ. ನಮ್ಮ ಇಲ್ಲ, ಬೇಡ, ಕೂಡದುಗಳೆಲ್ಲ ವಾಕ್ಯದ ಬಾಲದಲ್ಲಿ ನೇತಾಡುತ್ತಿರುತ್ತವೆ. ‘ಒಳಗೆ ಹೋಗಬೇಕು’, ‘ಒಳಗೆ ಹೋಗಬೇಡಿ’: ಕೊನೆಯ ಒಂದಕ್ಷರ ಬಿದ್ದರೆ ಎರಡೂ ‘ಒಳಗೆ ಹೋಗಬೇ’. ‘ಕರೆಂಟ್ ತೆಗೆದಿದ್ದಾರೆ’, ‘ಕರೆಂಟ್ ತೆಗೆದಿಲ್ಲ’: ‘ತೆಗೆದಿ’ ಎನ್ನುವ ತನಕ ಇಬ್ಬರೂ ಅಣ್ಣತಮ್ಮಂದಿರು. ಮಾತಿನ ಬಾಲ ಬಾಯಲ್ಲಿರುವಾಗಲೇ ಹೆಬ್ಬೆರಳು ಎತ್ತುವ ಅಭ್ಯಾಸ ಎಲ್ಲರಿಗೂ ಇದೆ. ಅತ್ತ ಹೊಗೆಯೊಳಗೆ ಹೋಸ್ ಹಿಡಿದು ನಿಂತವನು ಉಳಿದ ಅಕ್ಷರವನ್ನು ತನಗೆ ತೋಚಿದಂತೆ ತುಂಬಿಕೊಳ್ಳುತ್ತಾನೆ.

ಇದಕ್ಕೆ ಮದ್ದು ಸುಲಭ. ಬೇಡವನ್ನು ತಲೆಗೆ ತರುವುದು, ಎರಡು ಸಲ ಹೇಳುವುದು: ‘ಬೇಡ, ಬೇಡ, ಯಾರೂ ಒಳಗೆ ಬೇಡ.’ ಕೇಳಿಸಿಕೊಂಡವನು ಅದನ್ನೇ ತಿರುಗಿ ಒಪ್ಪಿಸುವುದು: ‘ಒಳಗೆ ಹೋಗಲ್ಲ, ಮೆಟ್ಟಿಲ ಹತ್ತಿರ ನಿಂತಿದ್ದೀವಿ.’ ‘ಸರಿ ಸಾರ್’ ಎಂಬುದು ಒಪ್ಪಿಸಿದ್ದಾಗಲಿಲ್ಲ. ಏನು ಕೇಳಿಸಿದರೂ, ಏನೂ ಕೇಳಿಸದಿದ್ದರೂ ನಮ್ಮಲ್ಲಿ ಉತ್ತರ ‘ಸರಿ ಸಾರ್’ ಒಂದೇ.

ಸಾರ್ ವಿಷಯ ಬಂದದ್ದರಿಂದ ಸ್ವಲ್ಪ ನಿಲ್ಲೋಣ. ರೇಡಿಯೊ ಶಿಷ್ಟಾಚಾರದಲ್ಲಿ ಮೊದಲು ಕರೆಯುವವನ ಹೆಸರಲ್ಲ, ಕರೆಸಿಕೊಳ್ಳುವವನ ಹೆಸರು, ಆಮೇಲೆ ತನ್ನದು, ಆಮೇಲೆ ವಿಷಯ. ಹತ್ತು ಸೆಕೆಂಡಿನಲ್ಲಿ ಮುಗಿಯಬೇಕು. ನಮ್ಮ ಗಾಳಿಯಲ್ಲಿ ಅದು ಹೀಗೆ ಹರಿಯುತ್ತದೆ:

‘ಕಂಟ್ರೋಲ್, ಕಂಟ್ರೋಲ್, ನಮಸ್ಕಾರ ಸಾರ್.’

‘ನಮಸ್ಕಾರ, ಹೇಳಿ.’

‘ಸಾರ್, ಸಾಹೇಬ್ರು ಬಿಟ್ರು ಸಾರ್.’

‘ಎಲ್ಲಿಂದ?’

‘ಮನೆಯಿಂದ ಸಾರ್.’

‘ಈಗ ಎಲ್ಲಿದ್ದಾರೆ?’

‘ಸಾರ್, ಮೇಖ್ರಿ ಸರ್ಕಲ್ ಹತ್ರ ಸಾರ್, ಟ್ರಾಫಿಕ್ ಐತೆ ಸಾರ್.’

ಏಳು ಸಾರ್, ಒಂದು ಟ್ರಾಫಿಕ್. ಅಷ್ಟು ಹೊತ್ತೂ ಆ ಚಾನೆಲ್‌ನಲ್ಲಿ ಬೇರೆ ಯಾರೂ ಮಾತಾಡುವಂತಿಲ್ಲ. ಮಾತಾಡಿದರೆ? ಇಲ್ಲಿ ವಿಜ್ಞಾನದ ಒಂದು ಚೋದ್ಯ ಕೇಳಿ. ಎಫ್‌ಎಂ ಸೆಟ್ಟುಗಳ ಸ್ವಭಾವವೇನೆಂದರೆ, ಒಂದೇ ಚಾನೆಲ್‌ನಲ್ಲಿ ಇಬ್ಬರು ಒಟ್ಟಿಗೆ ಗುಂಡಿ ಒತ್ತಿದಾಗ ಬಲವಾದ ಅಲೆ ಗೆಲ್ಲುತ್ತದೆ, ದುರ್ಬಲವಾದದ್ದು ಹಿನ್ನೆಲೆಯಲ್ಲೂ ಕೇಳಿಸದಂತೆ ಅಳಿಸಿಹೋಗುತ್ತದೆ. ಇಬ್ಬರೂ ಸರಿಸಮ ಇದ್ದರೆ ಬರೀ ಕೀರಲು. ಈಗ ಲೆಕ್ಕ ಹಾಕಿ. ಹೊರಗೆ ಬಯಲಲ್ಲಿ ಜೀಪಿನ ಮೇಲಿರುವ ಸೆಟ್ಟು 25 ವಾಟ್. ನೆಲಮಾಳಿಗೆಯಲ್ಲಿ, ಕಾಂಕ್ರೀಟಿನ ಕೆಳಗೆ, ಸೊಂಟಕ್ಕೆ ಸಿಕ್ಕಿಸಿಕೊಂಡದ್ದು 5 ವಾಟ್. ಭೌತಶಾಸ್ತ್ರಕ್ಕೂ ಪ್ರೋಟೋಕಾಲ್ ಗೊತ್ತು ನೋಡಿ: ಸಾಹೇಬರ ಟ್ರಾಫಿಕ್ ಸ್ಫಟಿಕದಷ್ಟು ಸ್ಪಷ್ಟ. ಒಳಗಿನವನು ಕೂಗಿದ್ದು ಯಾರಿಗೂ ಕೇಳಿಸಿಲ್ಲ, ಕೇಳಿಸಿಲ್ಲ ಎಂಬುದೂ ಅವನಿಗೆ ತಿಳಿಯುವುದಿಲ್ಲ. ಗುಂಡಿ ಒತ್ತಿರುವಷ್ಟು ಹೊತ್ತು ಸ್ವಂತ ಸೆಟ್ಟು ಕಿವುಡು.

ಆ ಒಳಗಿನವನ ಬೆನ್ನ ಮೇಲೆ 300 ಬಾರ್ ಒತ್ತಡದ ಗಾಳಿ ಸಿಲಿಂಡರ್ ಇರುತ್ತದೆ. ಕಾಗದದ ಮೇಲೆ 45 ನಿಮಿಷ. ಮೆಟ್ಟಿಲೇರಿ, ನೀರು ತುಂಬಿದ ಹೋಸ್ ಎಳೆದು, ಒಬ್ಬರನ್ನು ಹೊತ್ತು ತರುವವನಿಗೆ ಅರ್ಧ ಗಂಟೆ ಬಂದರೆ ಹೆಚ್ಚು. 55 ಬಾರ್‌ಗೆ ಇಳಿದಾಗ ವಿಸಲ್ ಕೂಗತೊಡಗುತ್ತದೆ. ಮುಖವಾಡದ ಹಿಂದಿನಿಂದ, ವಿಸಲ್ ಕೂಗುತ್ತಿರುವಾಗ, ಏದುಸಿರಿನಲ್ಲಿ ಅವನು ಹೇಳಬೇಕಾದದ್ದು ಒಂದೇ ವಾಕ್ಯ. ಅದಕ್ಕೆ ಮೇಖ್ರಿ ಸರ್ಕಲ್ ಅಡ್ಡ.

ಸಿನಿಮಾದವರು ಕಲಿಸಿದ ‘ಓವರ್ ಅಂಡ್ ಔಟ್’ ಇನ್ನೊಂದು. ಓವರ್ ಎಂದರೆ ನನ್ನ ಮಾತು ಆಯಿತು, ನಿನ್ನ ಉತ್ತರಕ್ಕೆ ಕಾದಿದ್ದೇನೆ. ಔಟ್ ಎಂದರೆ ಮಾತುಕತೆ ಮುಗಿಯಿತು, ಉತ್ತರ ಬೇಡ. ಎರಡನ್ನೂ ಒಟ್ಟಿಗೆ ಹೇಳುವುದು ‘ಬನ್ನಿ ಊಟಕ್ಕೆ’ ಎಂದು ಕರೆದು ಬಾಗಿಲಿಗೆ ಬೀಗ ಜಡಿದ ಹಾಗೆ. ಆದರೂ ಹೇಳಿದಾಗ ಒಂಥರಾ ಗತ್ತು ಬರುತ್ತದೆ, ಒಪ್ಪಿಕೊಳ್ಳೋಣ. ‘ರೋಜರ್’ ಕೂಡ ಹಾಗೇ. ಅದರ ಅರ್ಥ ‘ಕೇಳಿಸಿತು’ ಎಂದಷ್ಟೇ, ಮಾಡುತ್ತೇನೆ ಎಂದಲ್ಲ. ಸರ್ಕಾರಿ ನೌಕರಿಗೆ ಇದಕ್ಕಿಂತ ಒಪ್ಪುವ ಪದ ಹುಟ್ಟಲಿಲ್ಲ. ಪ್ರಾಣಾಪಾಯದಲ್ಲಿ ಸಿಕ್ಕವನು ಕೂಗುವ ‘ಮೇಡೇ’ ಮಾತ್ರ ತಮಾಷೆಯಲ್ಲ. 1923ರಲ್ಲಿ ಲಂಡನ್ನಿನ ಕ್ರಾಯ್ಡನ್ ವಿಮಾನ ನಿಲ್ದಾಣದ ರೇಡಿಯೊ ಅಧಿಕಾರಿ ಫ್ರೆಡರಿಕ್ ಮಾಕ್‌ಫರ್ಡ್, ‘ನನಗೆ ನೆರವಾಗಿ’ ಎಂಬ ಫ್ರೆಂಚ್ ಮಾತಿನಿಂದ ಮಾಡಿದ್ದು. ಮೂರು ಸಲ ಹೇಳಬೇಕು. ಆಮೇಲೆ ಯಾರು, ಎಲ್ಲಿ, ಏನಾಗಿದೆ, ಏನು ಬೇಕು. ಅದು ಕಿವಿಗೆ ಬಿದ್ದ ಕೂಡಲೇ ಉಳಿದವರೆಲ್ಲ ಬಾಯಿ ಮುಚ್ಚಬೇಕು ಎಂಬುದು ನಿಯಮ. ಈ ಕೊನೆಯ ಭಾಗವನ್ನು ಭಾರತದಲ್ಲಿ ಜಾರಿ ಮಾಡುವುದು ಹೇಗೆಂದು ಮಾಕ್‌ಫರ್ಡ್ ಹೇಳಿ ಹೋಗಲಿಲ್ಲ.

ಇನ್ನು ಅಂಕಿಗಳು. ಮೂರು, ನೂರು, ಆರು: ಗೊರಗೊರ ಎನ್ನುವ ಸ್ಪೀಕರ್‌ನಲ್ಲಿ ಮೂವರೂ ತ್ರಿವಳಿ. ಹದಿಮೂರಕ್ಕೂ ಹದಿನಾರಕ್ಕೂ ನಡುವೆ ಒಂದು ಮೂಗು ಕಟ್ಟಿದರೆ ಸಾಕು. ‘ಏಳು’ ಎಂದರೆ ಸಂಖ್ಯೆಯೋ ಎದ್ದೇಳು ಎಂಬ ಆಜ್ಞೆಯೋ? ವಿಮಾನದವರು ಇಂಗ್ಲಿಷ್ ಒಂಬತ್ತನ್ನು ‘ನೈನರ್’ ಎಂದು ತಿರುಚಿಕೊಂಡರು. ನಾವು ‘ಒಂದು, ಆರು; ಹದಿನಾರು’ ಎಂದು ಬಿಡಿಸಿ ಹೇಳಿದರೆ ಆಯಿತು. ಆದರೆ ವಿಳಾಸ ಬೆಂಗಳೂರಿನದಾದರೆ? ಇಂತಿಷ್ಟನೇ ಕ್ರಾಸ್, ಇಂತಿಷ್ಟನೇ ಮೇನ್, ಇಂತಿಷ್ಟನೇ ಸ್ಟೇಜ್, ಇಂತಿಷ್ಟನೇ ಬ್ಲಾಕ್. ನಾಲ್ಕರಲ್ಲಿ ಒಂದು ಅಂಕಿ ಜಾರಿದರೂ ಗಾಡಿ ನೆಟ್ಟಗೆ ಬೇರೆ ಬಡಾವಣೆಗೆ ಹೋಗಿ, ಸೈರನ್ ಹೊಡೆದು, ನೆಮ್ಮದಿಯಾಗಿ ಕಾಫಿ ಕುಡಿಯುತ್ತಿರುವವರನ್ನು ರಕ್ಷಿಸುತ್ತದೆ. ಜಯನಗರ ಸಾಲದೆಂಬಂತೆ 4ನೇ ಬ್ಲಾಕ್ ಪಕ್ಕದಲ್ಲೇ 4ನೇ ಟಿ ಬ್ಲಾಕ್ ಇಟ್ಟುಕೊಂಡಿದೆ. ಬಿ, ಸಿ, ಡಿ, ಇ, ಜಿ, ಪಿ, ಟಿ: ಎಲ್ಲಕ್ಕೂ ಒಂದೇ ಬಾಲ, ಈ. ಇದಕ್ಕೆಂದೇ ಬ್ರಾವೊ, ಡೆಲ್ಟಾ, ಟ್ಯಾಂಗೊ ಎಂಬ ಪಟ್ಟಿ ಇದೆ. ನಮ್ಮಲ್ಲಿ ‘ಬಿ ಫಾರ್ ಬೆಂಗಳೂರು’ ಎನ್ನುತ್ತೇವೆ, ಅದೂ ನಡೆಯುತ್ತದೆ, ಎಲ್ಲರೂ ಅದನ್ನೇ ಹೇಳಿದರೆ.

‘ಡಿಜಿಟಲ್ ಮಾಡಿಬಿಟ್ಟರೆ ಎಲ್ಲ ಸರಿ’ ಎನ್ನುವ ಮಹನೀಯರು ಈಗ ಕೈ ಎತ್ತುತ್ತಾರೆ. ಡಿಜಿಟಲ್ ಸೆಟ್ಟು ಮನುಷ್ಯರ ದನಿಯನ್ನು ಲೆಕ್ಕ ಹಾಕಿ ಕಟ್ಟುವ ಯಂತ್ರ. ದನಿಯ ಜೊತೆ ಗಾಳಿ ಸಿಲಿಂಡರಿನ ವಿಸಲ್ಲೂ ಕಟರ್ ಗರಗಸವೂ ಸೇರಿದರೆ ಅದರ ಲೆಕ್ಕ ತಪ್ಪಿ ಗೊಳಗೊಳ ಎನ್ನುತ್ತದೆ. ಹಳೇ ಅನಲಾಗ್ ಸೆಟ್ಟು ಸಿಗ್ನಲ್ ಕುಗ್ಗಿದಂತೆ ಗೊರಗುಟ್ಟಿ ಎಚ್ಚರಿಸುತ್ತದೆ. ಡಿಜಿಟಲ್ ಕೊನೆಯ ತನಕ ಚೆನ್ನಾಗಿದ್ದು ಥಟ್ಟನೆ ಮೂಕ. ನ್ಯೂಯಾರ್ಕ್ ಅಗ್ನಿಶಾಮಕ ದಳ 2001ರ ಮಾರ್ಚ್‌ನಲ್ಲಿ ಹೊಸ ಡಿಜಿಟಲ್ ಸೆಟ್ಟು ಹಂಚಿ, ಮನೆಯೊಂದರ ನೆಲಮಾಳಿಗೆಯಲ್ಲಿ ಸಿಕ್ಕಿಕೊಂಡವನ ಮೇಡೇ ಕೇಳಿಸದೆ ಹೋದದ್ದಕ್ಕೆ ಅವನ್ನೆಲ್ಲ ವಾಪಸ್ ತೆಗೆದುಕೊಂಡು ಹಳೆಯದನ್ನೇ ಕೊಟ್ಟಿತು. ಸೆಪ್ಟೆಂಬರ್ 11ಕ್ಕೆ ಅವರ ಕೈಯಲ್ಲಿ ಇದ್ದದ್ದು ಆ ಹಳೆಯವು. 1993ರ ಬಾಂಬ್ ಸ್ಫೋಟದ ಪಾಠವೆಂದು ವಿಶ್ವ ವಾಣಿಜ್ಯ ಕೇಂದ್ರಕ್ಕೆ ರಿಪೀಟರ್ ಹಾಕಿಸಿದ್ದರು. ಅದು ಕೆಲಸ ಮಾಡಲು ಎರಡು ಗುಂಡಿ ಒತ್ತಬೇಕು. ಅಂದು ಬೆಳಿಗ್ಗೆ ಒಂದು ಒತ್ತಿದರು, ಮುಖ್ಯ ಹ್ಯಾಂಡ್‌ಸೆಟ್ಟಿನದು ಒತ್ತಲಿಲ್ಲ. ಲಾಬಿಯಲ್ಲಿ ಪರೀಕ್ಷಿಸಿದ ಅಧಿಕಾರಿಗಳು ಉತ್ತರ ಬಾರದ್ದರಿಂದ ರಿಪೀಟರ್ ಕೆಟ್ಟಿದೆ ಎಂದುಕೊಂಡರು. 9:59ಕ್ಕೆ ದಕ್ಷಿಣ ಗೋಪುರ ಬಿದ್ದ ಮೇಲೆ ಉತ್ತರ ಗೋಪುರದವರಿಗೆ ಹೊರಬರಲು ಆದೇಶ ಹೋಯಿತು. ಎಷ್ಟೋ ಜನಕ್ಕೆ ಮುಟ್ಟಲೇ ಇಲ್ಲ. ಆ ದಿನ ಸತ್ತ ಅಗ್ನಿಶಾಮಕರು 343.

ಒಂದು ಗುಂಡಿ ಎಂದು ನಗಬೇಡಿ. ನಿಮ್ಮ ಅಪಾರ್ಟ್‌ಮೆಂಟಿನ ಸೆಕ್ಯುರಿಟಿ ಕೋಣೆಯಲ್ಲಿರುವ ಫೈರ್ ಪ್ಯಾನೆಲ್‌ನ ಮೇಲೆ ಕ್ಯಾಲೆಂಡರ್ ನೇತುಹಾಕಿದ್ದಾರೆ, ಒಮ್ಮೆ ಸರಿಸಿ ನೋಡಿ.

ನಮ್ಮಲ್ಲಿ ಏನೂ ಕೊಂಡಿಲ್ಲ ಎಂದಲ್ಲ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಹಳೇ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್ಟನ್ ಟವರ್ಸ್‌ಗೆ ಬೆಂಕಿ ಬಿದ್ದು 9 ಜನ ಸತ್ತರು. 2022ರಲ್ಲಿ ಫಿನ್ಲೆಂಡಿನಿಂದ 90 ಮೀಟರ್ ಏಣಿ ಬಂತು. ಏಣಿ ಬೇಕು, ಬೇಡ ಎಂದವರಾರು? ಏಣಿಯ ತೊಟ್ಟಿಲಲ್ಲಿ ನಿಂತು ಕೈ ಬೀಸಬಹುದು, ಮಾಲೆ ಹಾಕಬಹುದು, ನಿಂಬೆಹಣ್ಣು ಚಕ್ರಕ್ಕೆ ಇಡಬಹುದು. ನೆಲಮಾಳಿಗೆಯಲ್ಲೂ ಸೆಟ್ಟು ಕೇಳಿಸಲೆಂದು ಗೋಡೆಗುಂಟ ಎಳೆಯುವ, ಅಲೆ ಸೋರಿಸುವ ಕೇಬಲ್‌ಗೆ ರಿಬ್ಬನ್ ಕಟ್ಟುವುದು ಎಲ್ಲಿ? ಹೆಚ್ಚುವರಿ ಬ್ಯಾಟರಿಗೆ ಮಾಲೆ ಹಾಕಲು ಕುತ್ತಿಗೆಯೇ ಇಲ್ಲ. ಅಂದಹಾಗೆ ಬ್ಯಾಟರಿ ಎಂಟು ಗಂಟೆ ಬರುತ್ತದೆ ಎಂದು ಕಂಪನಿ ಬರೆಯುವುದು 5-5-90 ಲೆಕ್ಕದಲ್ಲಿ: ನೂರರಲ್ಲಿ 5 ಪಾಲು ಹೇಳುವುದು, 5 ಪಾಲು ಕೇಳುವುದು, 90 ಪಾಲು ಸುಮ್ಮನೆ ಕೂರುವುದು. ಕಚೇರಿಗೆ ಹೇಳಿ ಮಾಡಿಸಿದ ಲೆಕ್ಕ. ಬೆಂಕಿಯ ಮುಂದೆ ಬಿಡದೆ ಮಾತಾಡುವಾಗ ಆ ಎಂಟು ಗಂಟೆ ಕಣ್ಣೆದುರೇ ಕರಗುತ್ತದೆ.

ಬೆಂಕಿ ನಂದಿಸುವ ಫೋಟೊ ವಾಟ್ಸ್‌ಆ್ಯಪ್ ಗುಂಪಿಗೆ ಬೇಗ ಹಾಕಿ ಎಂಬ ಸೂಚನೆ ಮಾತ್ರ ಯಾವ ನೆಲಮಾಳಿಗೆಯಲ್ಲೂ ತಪ್ಪದೆ ಮುಟ್ಟುತ್ತದೆ.

ಸಪ್ತಾಹ ಏಪ್ರಿಲ್ 14ಕ್ಕೇ ಶುರುವಾಗುವುದು ಯಾಕೆ ಎಂದು ಶಾಮಿಯಾನದಲ್ಲಿ ಕೂತವರನ್ನು ಕೇಳಿ ನೋಡಿ. 1944ರ ಆ ದಿನ ಬೊಂಬಾಯಿ ಬಂದರಿನಲ್ಲಿ ಫೋರ್ಟ್ ಸ್ಟಿಕೀನ್ ಎಂಬ ಹಡಗು ಸಿಡಿಯಿತು. ಹೊಟ್ಟೆಯಲ್ಲಿ ಹತ್ತಿ ಮೂಟೆ, ಜೊತೆಗೆ ಸಿಡಿಮದ್ದು. ಅಪಾಯದ ಸರಕು ಇದೆ ಎಂದು ತೋರಿಸುವ ಕೆಂಪು ಬಾವುಟ ಹಾರಿಸಬೇಕಿತ್ತು, ಹಾರಿಸಿರಲಿಲ್ಲ. ನೀರು ಹೊಡೆಯಲು ಹೋದವರಲ್ಲಿ 66 ಅಗ್ನಿಶಾಮಕರು ಸತ್ತರು. ಅವರ ನೆನಪಿಗೆ ಸಪ್ತಾಹ. ಹೇಳಬೇಕಾದದ್ದನ್ನು ಹೇಳದೆ ಕೊಂದವರ ನೆನಪಿಗೆ ನಾವು ಗಾಳಿಯ ತುಂಬ ಸಾರ್ ಸಾರ್ ಎನ್ನುತ್ತಿದ್ದೇವೆ. ನಗು ಬರುತ್ತಿಲ್ಲ, ಕ್ಷಮಿಸಿ. ಒಳಗೆ ಹೋಗುವ ಹುಡುಗನ ದನಿ ಹೊರಗೆ ಬರುತ್ತದೋ ಇಲ್ಲವೋ ಎಂದು ನೋಡದೆ ಅವನನ್ನು ಒಳಗೆ ಕಳಿಸುವುದಕ್ಕೆ ಕಾರ್ಯಾಚರಣೆ ಎಂದು ಹೆಸರಿಡಬೇಡಿ.

ಅತಿಥಿಗಳು ಬರುವುದು ಹೇಗೂ ಮುಕ್ಕಾಲು ಗಂಟೆ ತಡ. ಆ ಹೊತ್ತಿನಲ್ಲಿ ಒಬ್ಬರು ಸೆಟ್ಟು ಹಿಡಿದು ಮೂರನೇ ನೆಲಮಾಳಿಗೆಗೆ ಇಳಿಯಲಿ. ಫೈರ್ ಡೋರ್ ಹಾಕಿಕೊಳ್ಳಲಿ. ಮುಖವಾಡ ತೊಟ್ಟು, ಗುಂಡಿ ಒತ್ತಿ, ಒಂದು ಸೆಕೆಂಡ್ ತಡೆದು, ‘ಹದಿನಾರು, ಒಂದು, ಆರು’ ಎನ್ನಲಿ. ಮೇಲಿನವನು ಕೇಳಿಸಿದ್ದನ್ನು ಒಪ್ಪಿಸಲಿ. ಲಿಫ್ಟಿನ ಬಳಿ ಒಂದು ಸಲ, ಪಂಪ್ ರೂಮಿನಲ್ಲಿ ಒಂದು ಸಲ, ಮೆಟ್ಟಿಲ ತಿರುವಿನಲ್ಲಿ ಒಂದು ಸಲ. ಎಲ್ಲಿ ಕೇಳಿಸಲಿಲ್ಲವೋ ಅಲ್ಲಿ ಸೀಮೆಸುಣ್ಣದಲ್ಲಿ ಒಂದು ಗುರುತು. ಹತ್ತು ನಿಮಿಷದ ಕೆಲಸ, ಖರ್ಚು ಒಂದು ಸೀಮೆಸುಣ್ಣ.

ಆದರೆ ಅಷ್ಟರಲ್ಲಿ ಮೇಖ್ರಿ ಸರ್ಕಲ್ ದಾಟಿದರಂತೆ. ಟೈರಿಗೆ ಡೀಸೆಲ್ ಸುರಿಯಿರಿ.