ಗೀತೆಯ ಹೆಸರಲ್ಲಿ ಓಡಾಡುತ್ತಿರುವ ಸಂದೇಶ: ಸ್ಪಷ್ಟನೆ

‘ಕಾರಣಂಗ್ ಕೊಡ್ಪ (ಕೊಡವರು ಹಿರಿಯರಿಗೆ ಎಡೆ ಇಡುವ) ದಿನ ಐನ್‌ಮನೆಯಲ್ಲಿ (ಕುಟುಂಬದ ಮೂಲ ಮನೆಯಲ್ಲಿ) ಮಾಂಸ, ಮದ್ಯ ಇಡುವುದನ್ನು ಗೀತೆಯ 9ನೇ ಅಧ್ಯಾಯದ 26ನೇ ಶ್ಲೋಕ ನಿಷೇಧಿಸಿದೆ’ ಎಂಬ ಸಂದೇಶವನ್ನು ನಮ್ಮ ಒಕ್ಕದ (ಒಂದೇ ಮೂಲದ ಕುಟುಂಬದವರ) ಗುಂಪಿಗೆ ನಾನೂ ಕಳಿಸಿದ್ದೆ. ಅದು ತಪ್ಪು.

ಆಮೇಲೆ ಪುಸ್ತಕ ತೆಗೆದು ಓದಿದೆ (ಮೊದಲೇ ಓದಬೇಕಿತ್ತು, ಬಿಡಿ). ಎಲೆ, ಹೂವು, ಹಣ್ಣು, ನೀರು, ಇವುಗಳಲ್ಲಿ ಏನನ್ನೇ ಭಕ್ತಿಯಿಂದ ಕೊಟ್ಟರೂ ಸ್ವೀಕರಿಸುತ್ತೇನೆ ಎಂದು ಕೃಷ್ಣ ಹೇಳುವ ಶ್ಲೋಕವದು. ನಿಷೇಧದ ಮಾತೇ ಇಲ್ಲ, ಹಿರಿಯರ ಎಡೆಯ ಪ್ರಸ್ತಾಪವೂ ಇಲ್ಲ. ಪಿತೃಗಳ ಮಾತು ಬರುವುದು ಅದರ ಹಿಂದಿನ 25ರಲ್ಲಿ: ಪಿತೃಗಳನ್ನು ಪೂಜಿಸುವವರು ಪಿತೃಗಳನ್ನು ಸೇರುತ್ತಾರೆ, ನನ್ನನ್ನು ಪೂಜಿಸುವವರು ನನ್ನನ್ನು. ಅಲ್ಲೂ ಎಡೆಗೆ ಏನಿಡಬೇಕೆಂದಿಲ್ಲ.

ಮೀದಿ (ಹಿರಿಯರ ಎಡೆ) ಇಡುವ ಕ್ರಮ ನಮಗೆ ಬಂದದ್ದು ಗುರುಕಾರಣರಿಂದ (ಒಕ್ಕದ ಮೂಲಪುರುಷರಿಂದ), ಒಕ್ಕದ ಹಿರಿಯರಿಂದ, ಶ್ಲೋಕದಿಂದಲ್ಲ. ಎಡೆಗೆ ಮಾಂಸ, ಮದ್ಯ ಬೇಕೋ ಬೇಡವೋ ಎಂಬುದನ್ನು ಒಕ್ಕದವರೇ ಕೂತು ಮಾತಾಡಲಿ. ದಯವಿಟ್ಟು ಆ ಸಂದೇಶವನ್ನು ಮುಂದೆ ಕಳಿಸಬೇಡಿ, ಈಗಾಗಲೇ ಕಳಿಸಿದ್ದರೆ ಅಲ್ಲಿಗೆ ಇದನ್ನೂ ಹಾಕಿ.